ಸೀಸೆಯ ಮೈಮೇಲಿನ ಗೆರೆ

ಬೇಸಿಗೆಯಲ್ಲಿ ತಂದ ಕಾಡುಜೇನನ್ನು ತುಂಬಿಡಲೆಂದು, ತೀರ್ಥಹಳ್ಳಿ ಸಮೀಪದ ನಮ್ಮ ಮನೆಯ ಅಟ್ಟದಿಂದ ಅಜ್ಜಿಯ ಕಾಲದ ಚೌಕ ಸೀಸೆಯೊಂದನ್ನು ಕಳೆದ ವಾರ ಕೆಳಗಿಳಿಸಿದೆ. ತೊಳೆದು ಕಿಟಕಿಯ ಬೆಳಕಿಗೆ ಹಿಡಿದಾಗ, ಎದುರುಬದುರಿನ ಎರಡು ಮೂಲೆಗಳಲ್ಲಿ ಕತ್ತಿನಿಂದ ತಳದವರೆಗೆ ಉಗುರಿಗೆ ತಗಲುವಷ್ಟು ಸಣ್ಣ ಏಣು ಕಂಡಿತು. ಅಚ್ಚಿನ ಎರಡು ಹೋಳುಗಳು ಕೂಡುವ ಸಂದಿಯಲ್ಲಿ ಗಾಜು ನುಸುಳಿ ಉಳಿಸಿದ ಗೆರೆ ಅದು.

ಇಂಥದೇ ಗೆರೆ ಸುಮಾರು 2000 ವರ್ಷಗಳ ಹಿಂದಿನ ರೋಮನ್ ಗಾಜಿನ ಪಾತ್ರೆಗಳ ಮೇಲೂ ಇದೆ. ಗಾಜನ್ನು ಊದುವ ವಿದ್ಯೆ ಕ್ರಿ.ಪೂ. ಮೊದಲ ಶತಮಾನದಲ್ಲಿ ಮೆಡಿಟರೇನಿಯನ್ನಿನ ಪೂರ್ವ ಕರಾವಳಿಯ ಸೀಮೆಯಲ್ಲಿ ಹುಟ್ಟಿತು, ಕ್ರಿ.ಶ. ಮೊದಲ ಶತಮಾನದ ಆರಂಭದ ದಶಕಗಳಲ್ಲಿ ಅಚ್ಚಿನೊಳಗೆ ಊದುವ ಕ್ರಮವೂ ಬಂದಿತು. ನಮ್ಮ ಒಲೆಯ ಊದುಗೊಳವೆಯನ್ನೇ ಉದ್ದವಾಗಿ ಊಹಿಸಿಕೊಳ್ಳಿ: ಅದರ ತುದಿಗೆ ಕೆಂಡದಂತೆ ಹೊಳೆಯುವ ಗಾಜಿನ ಮುದ್ದೆಯನ್ನು ಸುತ್ತಿ, ಸ್ವಲ್ಪ ಉಬ್ಬಿಸಿ, ಹೋಳುಗಳನ್ನು ಜೋಡಿಸಿದ ಅಚ್ಚಿನೊಳಗೆ ಇಳಿಸಿ ಬಲವಾಗಿ ಊದಿದರೆ, ಅಚ್ಚಿನ ಒಳಗೋಡೆಯಲ್ಲಿ ತಗ್ಗಾಗಿರುವ ಬಳ್ಳಿ, ಹೂವು, ಅಕ್ಷರಗಳೆಲ್ಲ ಪಾತ್ರೆಯ ಮೈಮೇಲೆ ಉಬ್ಬಾಗಿ ಮೂಡುತ್ತವೆ. ಗಾಜು ತೆಳುವಾದ್ದರಿಂದ ಹೊರಗೆ ಉಬ್ಬಿದಲ್ಲಿ ಒಳಗೆ ಕುಳಿ ಬೀಳುತ್ತದೆ. ಒಣಗಿದ ಖರ್ಜೂರದ ಸುಕ್ಕುಗಳನ್ನೂ ಬಿಡದೆ ಹೀಗೆ ಮೂಡಿಸಿದ ಕಂದುಬಣ್ಣದ ಪುಟ್ಟ ಸೀಸೆಗಳಿವೆ. ದ್ರಾಕ್ಷಿಗೊಂಚಲಿನ, ಮನುಷ್ಯನ ತಲೆಯ ಆಕಾರದವೂ ಇವೆ.

ಈ ಕುಶಲಕರ್ಮಿಗಳಲ್ಲಿ ಹೆಸರಾದವನು ಎನ್ನಿಯೋನ್. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು 2014ರಲ್ಲಿ ಅವನ ಕೆಲಸವನ್ನೇ ಮುಖ್ಯವಾಗಿಸಿ ಪ್ರದರ್ಶನವೊಂದನ್ನು ಏರ್ಪಡಿಸಿತ್ತು. ಅವನ ಬಟ್ಟಲುಗಳ ಒಂದು ಬದಿಯ ಚೌಕಟ್ಟಿನಲ್ಲಿ ಗ್ರೀಕ್ ಲಿಪಿಯಲ್ಲಿ ‘ಎನ್ನಿಯೋನ್ ಮಾಡಿದನು’ ಎಂದಿದ್ದರೆ, ಇನ್ನೊಂದು ಬದಿಯಲ್ಲಿ ‘ಕೊಳ್ಳುವವನು ನೆನಪಿನಲ್ಲಿರಲಿ’ ಎಂಬ ಹಾರೈಕೆ ಇರುತ್ತದೆ. ಗಿರಾಕಿಯನ್ನು ಇಷ್ಟು ಮರ್ಯಾದೆಯಿಂದ ಕಂಡ ವ್ಯಾಪಾರಿ ಇಂದಿನ ಸಂತೆಯಲ್ಲಿ ಸಿಕ್ಕುವುದು ಅಪರೂಪ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಕೂಡುಗೆರೆಯನ್ನು ಅವನು ನಿಭಾಯಿಸಿದ ಬಗೆ. ಅಚ್ಚಿನ ಹೋಳುಗಳು ಅಲಂಕಾರದ ಲಂಬಗೆರೆಗಳ ಮೇಲೆಯೇ ಸೇರುವಂತೆ ಮಾಡಿರುವುದರಿಂದ, ದೋಷವೆನ್ನಿಸಬೇಕಾದದ್ದು ಚಿತ್ರದಲ್ಲಿ ಕರಗಿಹೋಗುತ್ತದೆ. ಹೆಸರು ಇರುವುದು ಅಚ್ಚಿನಲ್ಲಿ. ಪ್ರತಿ ಪಾತ್ರೆಗೂ ಉಸಿರು ಕೊಟ್ಟವನು ಎನ್ನಿಯೋನನೇ ಆಗಿರಬೇಕೆಂದಿಲ್ಲ ಎಂಬುದು ನನ್ನ ಅನುಮಾನ.

ನಮ್ಮ ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ದೊರೆ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ, ಅಂದರೆ ಅಚ್ಚಿನ ಗಾಜು ಕಣ್ಣುಬಿಡುತ್ತಿದ್ದ ಕಾಲಕ್ಕೇ. ಪಶ್ಚಿಮ ಕರಾವಳಿಯ ಬಂದರುಗಳಿಗೆ ಕಚ್ಚಾಗಾಜು ಹಡಗಿನಲ್ಲಿ ಬರುತ್ತಿದ್ದುದನ್ನು ಅದೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯೊಂದು ದಾಖಲಿಸುತ್ತದೆ.

ನಮ್ಮ ಸೀಸೆಯ ತಳದಲ್ಲಿ ಹೆಸರಿಲ್ಲ, 3 ಎಂಬ ಅಂಕಿ ಮಾತ್ರ ಇದೆ. ಈ ಮಳೆಯಲ್ಲಿ ಒಳಗಿನ ತೇವ ಆರುವುದು ತಡವಾದ್ದರಿಂದ, ಬಚ್ಚಲೊಲೆಯ ಪಕ್ಕ ಬೋರಲು ಹಾಕಿಟ್ಟಿದ್ದೇನೆ.