"ಜರ್ಮನಿಯಲ್ಲಿ ಎಂಎಸ್‌ಗೆ ಯಾವ ಯೂನಿವರ್ಸಿಟಿ ಬೆಸ್ಟ್?" ಅಂತ ಕೇಳುವವರಿಗೆ

ವಾರಕ್ಕೆ ಎರಡು ಸಲವಾದರೂ ಊರಿನಿಂದ ಈ ಮೆಸೇಜ್ ಬರುತ್ತದೆ. "ಅಕ್ಕಾ, ಜರ್ಮನಿಯಲ್ಲಿ ಎಂಎಸ್ ಫ್ರೀ ಅಂತೆ, ಯಾವ ಯೂನಿವರ್ಸಿಟಿ ಬೆಸ್ಟ್?" ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಗಿದೆ. ಇಲ್ಲೇ ಬರೆದಿಡುತ್ತೇನೆ.

ಮೊದಲು ಆ 'ಫ್ರೀ'. ಹೆಚ್ಚಿನ ಸರಕಾರಿ ಯೂನಿವರ್ಸಿಟಿಗಳಲ್ಲಿ ಬೋಧನಾ ಶುಲ್ಕ ಇಲ್ಲ, ನಿಜ. ಆದರೆ ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯ 2017ರಲ್ಲೇ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೋ ಫೀಸ್ ಹಾಕಿತು. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿಯೂ 2024ರ ಚಳಿಗಾಲದ ಸೆಮಿಸ್ಟರಿನಿಂದ ಫೀಸ್ ಶುರುಮಾಡಿದೆ.

ಇನ್ನು 'ಬೆಸ್ಟ್'. ನನಗೆ ಸಿಟ್ಟು ಬರುವುದು ಈ ಪದಕ್ಕೇ. ನನ್ನ ಚಿಕ್ಕಮ್ಮನ ಮಗ ಮೆಕ್ಯಾನಿಕಲ್ ಬಿಇ. ಒಳ್ಳೆಯ ಮಾರ್ಕ್ಸ್. ರ‍್ಯಾಂಕಿಂಗ್ ಪಟ್ಟಿ ನೋಡಿ, ದೊಡ್ಡ ಹೆಸರಿನ ಕಡೆ ಕಂಪ್ಯೂಟರ್ ಸೈನ್ಸ್ ಮಾಸ್ಟರ್‌ಗೆ ಅರ್ಜಿ ಹಾಕಿದ. ಎಲ್ಲ ಕಡೆ ರಿಜೆಕ್ಟ್. "ಮಾರ್ಕ್ಸ್ ಇತ್ತಲ್ಲಾ ಅಕ್ಕಾ" ಅಂತ ಫೋನಿನಲ್ಲಿ ಅತ್ತುಬಿಟ್ಟ. ಮಾರ್ಕ್ಸ್ ಇತ್ತು ಕಣೋ, ವಿಷಯ ಇರಲಿಲ್ಲ.

ಇಲ್ಲಿನ ಮಾಸ್ಟರ್‌ನಲ್ಲಿ ಬಹುಪಾಲು 'ಕಾನ್ಸೆಕ್ಯುಟಿವ್'. ಅಂದರೆ ಬಿಇಯಲ್ಲಿ ಓದಿದ್ದರ ಮುಂದಿನ ಪಾಠ. ಇಂತಿಂಥ ವಿಷಯದಲ್ಲಿ ಇಷ್ಟು ಕ್ರೆಡಿಟ್ ಬೇಕು ಅಂತ ಬರೆದೇ ಇಟ್ಟಿರುತ್ತಾರೆ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಓದು. ಬೇರೆ ಬ್ರಾಂಚಿನವರನ್ನು ತೆಗೆದುಕೊಳ್ಳುವ ಕೋರ್ಸುಗಳೂ ಇವೆ, ಹುಡುಕಬೇಕು. 'ವೈಟರ್‌ಬಿಲ್ಡೆಂಡ್' ಅಂತಿದ್ದರೆ ಅದು ಕೆಲಸ ಮಾಡಿದವರಿಗೆ. ಸಾಮಾನ್ಯವಾಗಿ ಒಂದು ವರ್ಷವಾದರೂ ಅನುಭವ ಕೇಳುತ್ತಾರೆ, ಸರಕಾರಿ ಕಡೆಯಲ್ಲೂ ಹೆಚ್ಚಾಗಿ ಫೀಸ್ ಇರುತ್ತದೆ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆ: "ಅಕ್ಕಾ, ನಾನು ಓದಿದ್ದಕ್ಕೆ ಯಾವ ಕೋರ್ಸ್ ಹೊಂದುತ್ತದೆ?" ಇದನ್ನು ಕೇಳಿದರೆ ರಾತ್ರಿ ಹನ್ನೊಂದಾದರೂ ಕೂತು ಹೇಳುತ್ತೇನೆ.

ಚಿಕ್ಕಮ್ಮನ ಮಗನ ಜೊತೆ ಹಾಗೇ ಕೂತೆ. ವಿಡಿಯೋ ಕಾಲ್‌ನಲ್ಲಿ ಒಂದು ಕಡೆ ಅವನ ಎಂಟು ಸೆಮಿಸ್ಟರ್ ಸಿಲಬಸ್, ಇನ್ನೊಂದು ಕಡೆ ಆ ಕಂಪ್ಯೂಟರ್ ಸೈನ್ಸ್ ಕೋರ್ಸಿನ ಮೊಡ್ಯೂಲ್‌ಹಾಂಡ್‌ಬುಕ್. ಪ್ರತಿ ವಿಷಯಕ್ಕೂ ಏನು ಕಲಿಸುತ್ತಾರೆ, ಏನು ಮೊದಲೇ ಗೊತ್ತಿರಬೇಕು, ಎಲ್ಲ ಅದರಲ್ಲಿರುತ್ತದೆ. ಹಾಳೆಯಲ್ಲಿ ಗೆರೆ ಎಳೆದು ಟಿಕ್ ಹಾಕಿದೆವು. ಆಲ್ಗಾರಿದಮ್ಸ್: ಖಾಲಿ. ಡಿಸ್ಕ್ರೀಟ್ ಮ್ಯಾತ್ಸ್: ಖಾಲಿ. ಆಮೇಲೆ ಮೆಕಾಟ್ರಾನಿಕ್ಸ್ (ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಸೇರಿದ ವಿಷಯ) ಕೋರ್ಸೊಂದರ ಹಾಂಡ್‌ಬುಕ್ ತೆಗೆದೆವು. ಕಂಟ್ರೋಲ್ ಇಂಜಿನಿಯರಿಂಗ್, ಟಿಕ್. ಡೈನಮಿಕ್ಸ್, ಟಿಕ್. ಅವನ ಮುಖ ನೋಡಬೇಕಿತ್ತು.

ಅದು 'ಹೋಖ್‌ಶೂಲೆ'ಯ ಕೋರ್ಸ್. ಹೆಸರು ಕೇಳಿ ಚಿಕ್ಕಮ್ಮ, "ಬಿಇ ಮಾಡಿದವನನ್ನ ಹೈಸ್ಕೂಲಿಗೆ ಕಳಿಸ್ತೀಯೇನೇ?" ಅಂದರು. ಹೈಸ್ಕೂಲ್ ಅಲ್ಲ ಚಿಕ್ಕಮ್ಮಾ. ಪ್ರಾಯೋಗಿಕ ಕಲಿಕೆಗೆ ಒತ್ತು ಕೊಡುವ ಉನ್ನತ ಶಿಕ್ಷಣ ಸಂಸ್ಥೆ. ಅಲ್ಲಿನ ಪ್ರೊಫೆಸರ್‌ಗಳು ಹೆಚ್ಚಾಗಿ ಯೂನಿವರ್ಸಿಟಿಯ ಹೊರಗೆ ವರ್ಷಗಟ್ಟಲೆ ಕೆಲಸ ಮಾಡಿ ಬಂದವರು. ಮಾಸ್ಟರ್ ಪದವಿ ಅಲ್ಲೂ ಅದೇ, ಯೂನಿವರ್ಸಿಟಿಯಲ್ಲೂ ಅದೇ. ಸಂಶೋಧನೆಯೇ ಬೇಕು ಅನ್ನುವವರಿಗೆ ಯೂನಿವರ್ಸಿಟಿ ಸರಿ. ಇವನಿಗೆ ಬೇಕಾಗಿದ್ದು ಮಷಿನ್ ಮುಟ್ಟಿ ಮಾಡುವ ಕೆಲಸ.

ಈಗ ಅವನು ಥೀಸಿಸ್ ಬರೆಯುತ್ತಿದ್ದಾನೆ.

ನಿಮ್ಮ ಸಿಲಬಸ್, ನೀವೇ ಹುಡುಕಿದ ಎರಡು ಹಾಂಡ್‌ಬುಕ್ ಕಳಿಸಿ. ಭಾನುವಾರ ಸಂಜೆ ನಾನು ಬಿಡುವಾಗಿರುತ್ತೇನೆ.