ಹಡಗು ಹತ್ತುವ ಹಿಂದಿನ ದಿನ

ಮುಂದಿನ ತಿಂಗಳು ಅಪ್ಪ ಅಮ್ಮನ ಜೊತೆ ಸಿಂಗಪುರದಿಂದ ಕ್ರೂಸ್ ಹೊರಡುತ್ತಿದ್ದೇವೆ. ಅದೇ ದಿನ ಬೆಳಿಗ್ಗೆ ಅಲ್ಲಿ ಇಳಿದರೆ ಸಾಕಲ್ವಾ ಅಂತ ಮನೆಯಲ್ಲಿ ಕೇಳಿದರು. ನಾನು ಒಪ್ಪಲಿಲ್ಲ. ವಿಮಾನ ತಡವಾದರೆ ಹಡಗು ನಮಗಾಗಿ ಕಾಯುವುದಿಲ್ಲ. ಒಂದು ದಿನ ಮೊದಲೇ ಹೋಗುತ್ತೇವೆ.

ಹೋಟೆಲ್ ಹುಡುಕುವ ಮುಂಚೆ ಟಿಕೆಟ್‌ನಲ್ಲಿ ಟರ್ಮಿನಲ್ ಹೆಸರು ನೋಡಿಕೊಳ್ಳಿ. ಸಿಂಗಪುರದಲ್ಲಿ ಎರಡಿವೆ. ಒಂದು ಹಾರ್ಬರ್‌ಫ್ರಂಟ್‌ನಲ್ಲಿ, ವಿವೋಸಿಟಿ ಮಾಲ್ ಪಕ್ಕ. ಇನ್ನೊಂದು 2012ರಲ್ಲಿ ಶುರುವಾದ ಮರೀನಾ ಬೇ ಕ್ರೂಸ್ ಸೆಂಟರ್. ನಮ್ಮ ಹಡಗು ಹೊರಡುವುದು ಇಲ್ಲಿಂದ. 'ಬಂದರಿಗೆ ಹತ್ತಿರ' ಅಂತ ಹೋಟೆಲ್‌ನವರು ಹಾಕಿದ್ದರೆ, ಯಾವುದಕ್ಕೆ ಹತ್ತಿರ ಅಂತ ಮ್ಯಾಪ್‌ನಲ್ಲಿ ನೋಡಲೇಬೇಕು.

ಕೊನೆಗೆ ನಾನು ಬಂದರಿನ ಪಕ್ಕ ಬಿಟ್ಟು ಲಿಟಲ್ ಇಂಡಿಯಾದಲ್ಲೇ ರೂಮ್ ಮಾಡಿದೆ. ಧೋಬಿ ಘಾಟ್‌ನಲ್ಲಿ ಒಮ್ಮೆ ರೈಲು ಬದಲಿಸಿದರೆ ಕ್ರೂಸ್ ಸೆಂಟರ್‌ಗೆ ಹತ್ತಿರದ ಮರೀನಾ ಸೌತ್ ಪಿಯರ್ ನಿಲ್ದಾಣದವರೆಗೆ ಮೆಟ್ರೋ ಇದೆ. ಸೂಟ್‌ಕೇಸ್ ಜಾಸ್ತಿ ಇರುವವರಿಗೆ ಟ್ಯಾಕ್ಸಿಯೇ ಸರಿ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಊಟದ ಹೋಟೆಲ್ ಕೋಮಲ ವಿಲಾಸ್ ಇದೆ, ನಮ್ಮ ಎಂಟಿಆರ್ ಕೂಡ ಇದೆ. ಮೊದಲ ಸಲ ವಿದೇಶಕ್ಕೆ ಬರುವ ಅಮ್ಮ ಇಳಿದ ಸಂಜೆಯೇ ಊಟಕ್ಕೆ ಪರದಾಡಬಾರದು. ನನಗೆ ಅದೇ ಮುಖ್ಯ.

ನಾವು ಚಿಕ್ಕವರಿದ್ದಾಗ ರೈಲು ಬರುವ ಎಷ್ಟೋ ಹೊತ್ತು ಮುಂಚೆ ಅಪ್ಪ ನಮ್ಮನ್ನು ಸ್ಟೇಷನ್ನಿಗೆ ಕರೆತಂದು ಕೂರಿಸುತ್ತಿದ್ದರು. ಆಗ ಬೇಜಾರಾಗುತ್ತಿತ್ತು. ಈಗ ಆ ಆತಂಕ ನನ್ನ ಕೈಗೆ ಬಂದಿದೆ, ಅದರೊಳಗೆ ಎಷ್ಟು ಪ್ರೀತಿ ಇತ್ತು ಅಂತ ಗೊತ್ತಾಗುತ್ತಿದೆ.

ಮರೀನಾ ಬೇಯಿಂದ ವಯಸ್ಸಾದವರ ಜೊತೆ ಹಡಗು ಹತ್ತಿದವರು ಇದ್ದರೆ, ಒಳಗೆ ನಡೆಯುವುದು ಎಷ್ಟಿದೆ, ವೀಲ್‌ಚೇರ್ ಸುಲಭವಾಗಿ ಸಿಗುತ್ತದಾ, ದಯವಿಟ್ಟು ತಿಳಿಸಿ.