ಕೆಂಪಾದ ಕೊಂಡಿ

11 ಆಗಸ್ಟ್ 2024, ಭಾನುವಾರ
ಪುತ್ತೂರು

ಮೂರು ದಿನದಿಂದ ಬಿಸಿಲು ಉಂಟು. ಆಟಿ ತಿಂಗಳ ಬಿಸಿಲನ್ನು ನಂಬುವ ಹಾಗಿಲ್ಲ. ಆದರೆ ಅಡಿಕೆಗೆ ಕೊಳೆರೋಗದ ಎರಡನೇ ಮದ್ದು ಸಿಂಪಡಿಸಲು ಇನ್ನೂ ಕಾದರೆ ಕೊಯ್ಯಲು ಏನೂ ಉಳಿಯುವುದಿಲ್ಲ. ಮೊದಲ ಮದ್ದು ಬಿಟ್ಟದ್ದು ಮೇ ಕೊನೆಯಲ್ಲಿ. 45 ದಿನಕ್ಕೆ ಇನ್ನೊಂದು ಆಗಬೇಕಿತ್ತು, ಜುಲೈ ಮಳೆ ಬಿಡಲಿಲ್ಲ. ತೋಟದ ತಗ್ಗಿನಲ್ಲಿ ಆಗಲೇ ಎಳೆಕಾಯಿ ಉದುರಿದೆ. ಕೊಳೆರೋಗ ಬಂದಾಗಿದೆ.

ಆರೂವರೆಗೆ ಮರ ಹತ್ತುವ ಅಣ್ಣ ಬಂದರು. ಹೆಗಲಲ್ಲಿ ಅದೇ ಗೋಣಿಯ ತಳೆ. ತಳೆ ಅಂದರೆ ಎರಡೂ ಪಾದಕ್ಕೆ ಸೇರಿಸಿ ಹಾಕಿಕೊಳ್ಳುವ ಬಳೆ, ಅಷ್ಟೇ. ಗೋಣಿ ಚೀಲದ ಪಟ್ಟಿ ಹೊಸೆದು ಗಂಟು ಹಾಕಿದ್ದು. ಅದು ಕಾಂಡವನ್ನು ಕಚ್ಚಿ ಹಿಡಿಯುತ್ತದೆ, ಪಾದ ಒತ್ತಿ ಮೇಲೇಳಬಹುದು. ನೀರಲ್ಲಿ ಅದ್ದಿ ಹಿಂಡಿದರೆ ಹಿಡಿತ ಜಾಸ್ತಿ. ಖರ್ಚು ಸೊನ್ನೆ. ಒಂದು ಸೀಸನ್ ಆದ ಮೇಲೆ ಎಲ್ಲಿ ನಾರು ಎದ್ದಿದೆ ಎಂದು ಕಣ್ಣಿಗೇ ಕಾಣುತ್ತದೆ. ಆಗ ಬಿಸಾಡಿ ಹೊಸತು ಹೊಸೆಯುವುದು.

ಎರಡು ವರ್ಷದ ಹಿಂದೆ ನೆರೆಯ ತೋಟದಲ್ಲಿ ಒಬ್ಬರು ಬಿದ್ದು ಸೊಂಟ ಮುರಿದುಕೊಂಡರು. ಆವಾಗ ನಾನು ಹೆದರಿ ಆನ್‌ಲೈನಿನಲ್ಲಿ ಸೇಫ್ಟಿ ಬೆಲ್ಟ್ ತರಿಸಿದ್ದೆ. ಕಟ್ಟಡ ಕೆಲಸದವರು ಹಾಕುವಂಥದ್ದು, ತೊಡೆಗೂ ಹೆಗಲಿಗೂ ಪಟ್ಟಿ ಇದೆ. ಬರೀ ಸೊಂಟದ ಬೆಲ್ಟ್ ಬೇಡ ಎಂದು ಮೊದಲೇ ಓದಿಕೊಂಡಿದ್ದೆ, ಬಿದ್ದಾಗ ಅದು ಹೊಟ್ಟೆಯನ್ನೇ ಹಿಸುಕುತ್ತದೆ. ಪಟ್ಟಿಗಳು ಇವತ್ತಿಗೂ ಗಟ್ಟಿ. ಆದರೆ ಅದರ ಜೊತೆ ಬಂದ ನೈಲಾನ್ ಹಗ್ಗ ಅಡಿಕೆ ಮರಕ್ಕೆ ಆಗುವುದಿಲ್ಲ. ಮಳೆಗಾಲದಲ್ಲಿ ಕಾಂಡದ ಮೇಲೆ ಪಾಚಿ ಕಟ್ಟಿರುತ್ತದೆ. ಅದರ ಮೇಲೆ ನೈಲಾನ್ ಸುಮ್ನೆ ಜಾರುತ್ತದೆ. ಹಾಕಿದ ಎರಡನೇ ದಿನವೇ ಅಣ್ಣ ಆ ಹಗ್ಗಕ್ಕೆ ಗೋಣಿ ಸುತ್ತಿದರು. ಆಮೇಲೆ ಸರಿಯಾಯಿತು.

ಅವರಿಗೆ ಬೆಲ್ಟ್ ಮೇಲೆ ಇನ್ನೊಂದು ಕೋಪವೂ ಇದೆ. ಅವರು ಒಂದು ಮರ ಹತ್ತಿ, ಮೇಲಿಂದಲೇ ಅದನ್ನು ಬಾಗಿಸಿ ಪಕ್ಕದ ಮರ ಹಿಡಿದು ದಾಟುವವರು. ಹೀಗೆ ನಾಲ್ಕೈದು ಮರ ಮುಗಿಸಿಯೇ ನೆಲಕ್ಕೆ ಇಳಿಯುವುದು. ಬೆಲ್ಟ್ ಹಾಕಿದರೆ ಪ್ರತಿ ಸಲ ಹಗ್ಗದ ಕೊಂಡಿ ಬಿಚ್ಚಬೇಕು, ಹಾಕಬೇಕು. "ನೀವು ದಿನಕ್ಕೆ ಸಂಬಳ ಕೊಡುವುದಾದರೆ ಹಾಕುತ್ತೇನೆ, ಮರದ ಲೆಕ್ಕವಾದರೆ ಇಲ್ಲ" ಅಂದಿದ್ದರು. ನ್ಯಾಯವೇ. ಆವತ್ತಿಂದ ದಿನದ ಲೆಕ್ಕ.

ಮದ್ದು ಕಲಸಲು ಕೂತೆವು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು. ಅಪ್ಪ ಜಗಲಿಯಿಂದಲೇ "ಕತ್ತಿ ಅದ್ದಿ ನೋಡಿದ್ದೀಯಾ?" ಎಂದು ಕೂಗಿದರು. ಉಜ್ಜಿದ ಕಬ್ಬಿಣದ ಕತ್ತಿಯನ್ನು ಮದ್ದಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಹಿಡಿಯಬೇಕು. ಅಲಗು ಕೆಂಪಾದರೆ ಸುಣ್ಣ ಸಾಲಲಿಲ್ಲ ಎಂದರ್ಥ. ಒಂಟಿಯಾಗಿ ಉಳಿದ ತಾಮ್ರ ಕಬ್ಬಿಣದ ಮೇಲೆ ಹತ್ತಿಕೊಳ್ಳುತ್ತದೆ.

ಕೆಂಪಾಯಿತು. ಸುಣ್ಣ ಮೇ ತಿಂಗಳ ಚೀಲದ್ದು, ಬಾಯಿ ತೆರೆದೇ ಇಟ್ಟಿದ್ದೆ. ಗಾಳಿಗೆ ಸತ್ತು ಹೋಗಿತ್ತು. ಮತ್ತೆರಡು ಹಿಡಿ ಹಾಕಿ, ಕತ್ತಿ ತೊಳೆದು, ಮತ್ತೆ ಅದ್ದಿ, ಬಣ್ಣ ಬಾರದೆ ಇದ್ದ ಮೇಲೆ ಮುಂದುವರಿದೆವು.

ಆಮೇಲೆ ಬೆಲ್ಟ್ ತೆಗೆದರೆ, ಅದರ ಕೊಂಡಿಯಲ್ಲಿಯೂ ಅದೇ ಕೆಂಪು! ಕತ್ತಿಯ ಅಲಗಿನಲ್ಲಿ ಈಗಷ್ಟೇ ನೋಡಿದ ಬಣ್ಣ. ಹೊಳೆಯುತ್ತಿದ್ದ ಲೇಪ ಹೋಗಿ ಒಳಗೆ ತುಕ್ಕು ಹಿಡಿದಿದೆ. ಕೊಂಡಿಯ ಬಾಯಿ ಒತ್ತಿದರೆ ತೆರೆಯುತ್ತದೆ, ಬಿಟ್ಟರೆ ಪೂರ್ತಿ ಮುಚ್ಚುವುದಿಲ್ಲ. ಒಂದು ಬೆರಳಿನಷ್ಟು ಸಂದು ಉಳಿಯುತ್ತದೆ. ಮೊದಲ ಮದ್ದಿನ ದಿನ ನಾನು ಕತ್ತಿ ಅದ್ದಿ ನೋಡಿರಲಿಲ್ಲ. ಮದ್ದು ಬಿಟ್ಟ ಮೇಲೆ ಬೆಲ್ಟನ್ನು ತೊಳೆಯದೆ ಕೊಟ್ಟಿಗೆಯ ಮೊಳೆಗೆ ನೇತು ಹಾಕಿದ್ದೂ ನಾನೇ. ಕೊಂಡಿ ಕಳಪೆ ಎಂದು ಬೈಯಲು ಬಾಯಿ ತೆರೆದವನು ಅರ್ಧಕ್ಕೆ ನಿಲ್ಲಿಸಿದೆ. ಕಟ್ಟಡದ ಕೆಲಸಕ್ಕೆ ಮಾಡಿದ ಸಾಮಾನು ಮೈಲುತುತ್ತಿಗೆ ತಾಳುತ್ತದೆ ಎಂದು ಯಾರೂ ಹೇಳಿರಲಿಲ್ಲ ಅಲ್ವಾ.

ಆ ಕೊಂಡಿಯಲ್ಲಿ ಯಾರನ್ನೂ ಮೇಲೆ ಕಳಿಸುವ ಮಾತೇ ಇಲ್ಲ. ದೋಟಿ ತೆಗೆದೆವು.

ಕಾರ್ಬನ್ ಫೈಬರ್ ದೋಟಿ ನಮ್ಮ ಮನೆಗೆ ಬಂದು ಮೂರು ವರ್ಷ. 60 ಅಡಿಯದ್ದು, ಒಂದರೊಳಗೊಂದು ಕೂರುವ ಕೊಳವೆಗಳು. ತುದಿಗೆ ಪೈಪು ಮತ್ತು ನಾಸಿಲ್ ಕಟ್ಟಿ ನೆಲದಲ್ಲೇ ನಿಂತು ಮದ್ದು ಬಿಡಬಹುದು. ಬೆಲೆ ನೋಡಿ ಅಮ್ಮ ಎರಡು ದಿನ ನನ್ನ ಹತ್ತಿರ ಮಾತಾಡಿರಲಿಲ್ಲ. ಆದರೆ ಕೊಳವೆಗೆ ಇವತ್ತಿನವರೆಗೆ ಒಂದು ಬಿರುಕಿಲ್ಲ. ಬೇಸರ ತರಿಸುವುದು ಅದರ ಕ್ಲಾಂಪುಗಳು. ಮಣ್ಣು ಸೇರಿದರೆ ಹಿಡಿಯುವುದಿಲ್ಲ, ಮೇಲಿನ ಕೊಳವೆ ಸರ್ರೆಂದು ಒಳಗೆ ಜಾರುತ್ತದೆ. ಇನ್ನು ಕುತ್ತಿಗೆ. ಮಧ್ಯಾಹ್ನದ ಹೊತ್ತಿಗೆ ಊಟದ ಬಟ್ಟಲನ್ನೂ ತಲೆ ಎತ್ತಿಯೇ ನೋಡುವ ಹಾಗಾಗುತ್ತದೆ.

ದೋಟಿ ತಾಗಿಸಬಾರದ ಜಾಗವೂ ಒಂದುಂಟು. ಬೇಲಿಯ ಹೊರಗೆ ಕರೆಂಟಿನ ಲೈನ್ ಹೋಗಿದೆ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. 60 ಅಡಿ ಕೋಲು ಗಾಳಿಗೆ ವಾಲಿದರೆ ಎಲ್ಲಿಗೆ ಬೀಳುತ್ತದೆ ಎಂದು ಹೇಳಲಾಗದು. ಆ ಬದಿಯ ಮೂವತ್ತು ಮರಗಳನ್ನು ಲೈನ್ ಆಫ್ ಮಾಡಿಸಿಯೇ ಮುಟ್ಟಬೇಕು. ಇವತ್ತು ಭಾನುವಾರ, ಅವನ್ನು ಬಿಟ್ಟೆವು.

ನಡುವೆ ಅಣ್ಣ ಸಜೀಪಮೂಡದ ಗಣಪತಿ ಭಟ್ಟರ ಸ್ಕೂಟರಿನ ಸುದ್ದಿ ತೆಗೆದರು. ಕೂತು ಸರ್ರೆಂದು ಮರ ಹತ್ತುವ ಆ ಯಂತ್ರದ ವೀಡಿಯೊ 2019ರಲ್ಲಿ ಎಲ್ಲರ ಫೋನಿಗೂ ಬಂದಿತ್ತು. ಟು ಸ್ಟ್ರೋಕ್ ಎಂಜಿನ್, ತೂಕ 28 ಕಿಲೋ ಆಸುಪಾಸು. "ಹತ್ತುವುದು ಅದು, ಮರದಿಂದ ಮರಕ್ಕೆ ಅದನ್ನು ಹೊರುವುದು ಯಾರು? ನೀವಾ?" ಎಂದು ನಕ್ಕರು. ಆದರೂ ಒಂದು ಸಲ ಕೂತು ನೋಡುವ ಆಸೆ ಅವರಿಗೂ ಉಂಟು, ನನಗೆ ಗೊತ್ತು.

ಊಟ ಆದ ಮೇಲೆ ನನಗೆ ತೆಂಗಿನ ಮರ ಹತ್ತುವ ಯಂತ್ರದ ಮೇಲೂ ಅನುಮಾನ ಬಂತು. ಕೇರಳದ ಚೆಂಬೇರಿ ಮಾದರಿಯ ನಕಲು, ಎಲ್ಲೋ ವರ್ಕ್‌ಶಾಪಿನಲ್ಲಿ ಮಾಡಿದ್ದು, ಆರು ವರ್ಷ ಹಳೆಯದು. ಎರಡು ಕಾಲಿಗೆ ಎರಡು ಚೌಕಟ್ಟು. ಪ್ರತಿಯೊಂದರಿಂದಲೂ ಉಕ್ಕಿನ ಹಗ್ಗ ಮರ ಸುತ್ತಿ ಬರುತ್ತದೆ. ಭಾರ ಬಿದ್ದಾಗ ಬಿಗಿಯುತ್ತದೆ, ಕಾಲೆತ್ತಿದಾಗ ಸಡಿಲ. ರಬ್ಬರ್ ಸವೆದಿತ್ತು, ಅದನ್ನು ಹೋದ ವರ್ಷ ಬದಲಿಸಿದ್ದೆ. ಉಕ್ಕಿನ ಹಗ್ಗದ ಮೇಲೆ ಪ್ಲಾಸ್ಟಿಕ್ ಕೊಳವೆ ಇದೆ, ನೋಡಲು ಹೊಸತರ ಹಾಗೆ. ಇವತ್ತು ಆ ಕೊಳವೆಯನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿದೆ. ಕ್ಲಿಪ್ಪಿನ ಹತ್ತಿರ ಎಳೆಗಳು ತುಕ್ಕು ಹಿಡಿದು ಪುಡಿಯಾಗಿವೆ. ಬೆರಳಲ್ಲಿ ಮುಟ್ಟಿದರೆ ಉದುರಿದವು. ಹೋದ ತಿಂಗಳಷ್ಟೇ ಇದರಲ್ಲಿ ನಾನೇ ತೆಂಗಿನಕಾಯಿ ಕಿತ್ತಿದ್ದೆ.

ಮದ್ದಿಗೆ ಕೊಂಡಿ ಕೆಂಪಾದರೆ ಕಾಣುತ್ತದೆ. ಗೋಣಿ ಹರಿದರೆ ಕಾಣುತ್ತದೆ. ಇದು ಮಾತ್ರ ಒಳಗೊಳಗೇ ಸತ್ತಿತ್ತು. ಆರು ವರ್ಷದಲ್ಲಿ ನನಗೆ ಜಾಸ್ತಿ ಸಿಟ್ಟು ಬಂದ ಸಾಮಾನು ಇದೇ. ಮರ ಹತ್ತುವ ಹಗ್ಗಕ್ಕೆ ಕಾಣದ ಹಾಗೆ ಅಂಗಿ ತೊಡಿಸುವುದು ಎಂತ ಬುದ್ಧಿ ಮಾರಾಯ್ರೆ?

ಐದು ಗಂಟೆಗೆ ಪಡುವಣದಲ್ಲಿ ಮೋಡ ಕಟ್ಟಿತು. ಬಿಟ್ಟ ಮದ್ದು ಆ ಹೊತ್ತಿಗೆ ಒಣಗಿ ಎಲೆಯ ಮೇಲೆ ನೀಲಿ ಕೂತಿತ್ತು, ಅದೊಂದು ಸಮಾಧಾನ. ದೋಟಿ ತೊಳೆದು, ಕ್ಲಾಂಪು ಬಿಚ್ಚಿ ಒರೆಸಿ ಒಳಗಿಟ್ಟೆ. ಕೊಂಡಿ ಹೊಸತು ತರಿಸಬೇಕು, ಈ ಸಲ ಸ್ಟೇನ್‌ಲೆಸ್ ಸ್ಟೀಲಿನದ್ದು. ಲೈನ್‌ಮ್ಯಾನಿಗೆ ಫೋನ್ ಮಾಡಬೇಕು.

ಅಣ್ಣ ಹೋಗುವಾಗ ತಳೆ ಕೊಂಡು ಹೋಗಲಿಲ್ಲ. ಕೊಂಡಿ ಬಂದ ಮೇಲೆ ಬರುತ್ತೇನೆ, ಅಷ್ಟರಲ್ಲಿ ಇದು ಒಣಗಿರಲಿ ಎಂದು ಬಚ್ಚಲ ಒಲೆಯ ಮೇಲಿನ ಬಿದಿರಿಗೆ ನೇತು ಹಾಕಿ ಹೋದರು. ಈಗ ಸ್ನಾನಕ್ಕೆ ಹೋದರೆ ಅಲ್ಲೆಲ್ಲ ಗೋಣಿಯ ವಾಸನೆ.